ಒಲವಿನ ಲಕ್ಷಣವೂ ಪ್ರಮಾಣವೂ



ಯಾವುದೊಂದು ವಸ್ತು ಸಿದ್ಧವಾಗಬೇಕಾದರೂ ಅದಕ್ಕೆ ಲಕ್ಷಣವೂ ಬೇಕು, ಪ್ರಮಾಣವೂ ಬೇಕು ಎಂಬುದು ನಮ್ಮ ತಾರ್ಕಿಕರ ಮತ. ವಸ್ತುವನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಗುರುತೇ ಲಕ್ಷಣ. ಅದು ಇದೆಯೆಂದು ತಿಳಿಯುವ ಸಾಧನವೇ ಪ್ರಮಾಣ. ಲಕ್ಷಣಕ್ಕೆ ತಗಲಬಹುದಾದ ದೋಷಗಳನ್ನೂ ಅವರು ಮೂರಾಗಿ ಎಣಿಸಿರುವರು. ಸೇರಬೇಕಾದುದು ಹೊರಗುಳಿದರೆ ಅವ್ಯಾಪ್ತಿ, ಸೇರಬಾರದುದು ಒಳಹೊಕ್ಕರೆ ಅತಿವ್ಯಾಪ್ತಿ, ಲಕ್ಷಿಸಿದ ವಸ್ತುವಿನಲ್ಲಿ ಆ ಗುರುತು ಎಲ್ಲಿಯೂ ಕಾಣದೆ ಹೋದರೆ ಅಸಂಭವ. ಘಟಪಟಾದಿಗಳ ವಿಚಾರದಲ್ಲಿ ನಮ್ಮ ಪೂರ್ವಿಕರು ಅಷ್ಟು ಶ್ರದ್ಧೆಯಿಂದ ಬಳಸಿದ ಈ ಉಪಕರಣವನ್ನು ಮನುಷ್ಯನ ಅನುರಾಗದ ವಿಚಾರದಲ್ಲಿಯೂ ಬಳಸಿ ನೋಡಬೇಕೆಂಬುದು ಈ ಸಂಜೆಯ ನನ್ನ ಸಂಕಲ್ಪ. ಯಾವ ಲಿಂಗದವರನ್ನು ಕುರಿತು ಒಬ್ಬನಲ್ಲಿ ಬಯಕೆಯೂ ಪ್ರೇಮವೂ ಹುಟ್ಟುವುವೋ ಆ ಮನೋಧರ್ಮವನ್ನು ಲೈಂಗಿಕ ಅಭಿಮುಖತೆಯೆಂದು ಕರೆಯುವ ವಾಡಿಕೆಯುಂಟು. ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಅದು ತಿರುಗಬಲ್ಲದಾದಾಗ, ಇಂದಿನ ಯುವಜನರು ಬೈಸೆಕ್ಷುಯಲ್ ಎನ್ನುವುದನ್ನು, ಉಭಯಲಿಂಗಾಕರ್ಷಣೆಯೆಂದು ನಾನು ಕರೆಯುವೆನು. ಇದಕ್ಕೆ ಲಕ್ಷಣವನ್ನು ಯಾವುದರ ಮೇಲೆ ನಿಲ್ಲಿಸಬೇಕು, ಪ್ರಮಾಣವಾಗಿ ಯಾರ ಮಾತನ್ನು ಹಿಡಿಯಬೇಕು?

ಈ ಪ್ರಶ್ನೆ ಪಂಡಿತರ ಕೊಠಡಿಯಲ್ಲಿಯೇ ಉಳಿಯತಕ್ಕದ್ದಲ್ಲ. 2008ರ ಆಗಸ್ಟಿನಲ್ಲಿ ಅಮೆರಿಕದ ಸಿಯಾಟಲ್ ನಗರದ ಬಳಿ ಸಲಿಂಗಾಕರ್ಷಿತರಿಗಾಗಿಯೇ ನಡೆದ ಸಾಫ್ಟ್‌ಬಾಲ್ ಪಂದ್ಯಾವಳಿಯೊಂದರಲ್ಲಿ, ಒಂದು ತಂಡದೊಳಗೆ ಭಿನ್ನಲಿಂಗಾಕರ್ಷಿತರು ಇಬ್ಬರಿಗಿಂತ ಹೆಚ್ಚಿರಕೂಡದೆಂಬ ನಿಯಮವಿದ್ದಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದಿದ್ದ ತಂಡವೊಂದು ಅಂತಿಮ ಪಂದ್ಯದವರೆಗೂ ಏರಿದಾಗ ಅದರ ಮೇಲೆ ಆಕ್ಷೇಪಣೆ ಬಂದು, ಆ ತಂಡದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಜನ ತುಂಬಿದ ಕೊಠಡಿಗೆ ಕರೆಯಿಸಿ, ನಿನ್ನ ಮನಸ್ಸು ಮುಖ್ಯವಾಗಿ ಹೋಗುವುದು ಗಂಡಸರ ಕಡೆಗೋ ಹೆಂಗಸರ ಕಡೆಗೋ ಎಂದು ವಿಚಾರಿಸಲಾಯಿತು; ಎರಡು ಕಡೆಗೂ ಎಂಬ ಉತ್ತರಕ್ಕೆ ವಿಚಾರಣೆ ನಡೆಸಿದ ಸಮಿತಿಯ ಬಳಿ ಸ್ಥಳವೇ ಇರಲಿಲ್ಲವಾಗಿ, ಪ್ರತಿಯೊಬ್ಬನನ್ನು ಕುರಿತು ಮತ ಹಾಕಿ, ಮೂವರನ್ನು ಸಲಿಂಗಾಕರ್ಷಿತರಲ್ಲವೆಂದು ತೀರ್ಮಾನಿಸಿ, ತಂಡದ ಸ್ಥಾನವನ್ನು ಕಿತ್ತುಕೊಂಡರು. 2010ರಲ್ಲಿ ಆ ಮೂವರು ಹೂಡಿದ ವ್ಯಾಜ್ಯ 2011ರಲ್ಲಿ ಸಂಧಾನದಲ್ಲಿ ಮುಗಿದು, ಕಳೆದುಕೊಂಡಿದ್ದ ಎರಡನೆಯ ಸ್ಥಾನವು ತಂಡಕ್ಕೆ ಮರಳಿ ದೊರೆಯಿತು. ಲೋಕದ ತಿರಸ್ಕಾರವನ್ನುಂಡು ತಮ್ಮದೊಂದು ನೆಲೆಯನ್ನು ಕಟ್ಟಿಕೊಂಡ ಜನವೇ, ತಮ್ಮ ನಡುವೆ ನಿಂತ ಮೂವರ ಅಂತರಂಗವನ್ನು ಕೈಯೆತ್ತಿ ಎಣಿಸಲು ಹೊರಟಿತೆಂಬುದು ನನ್ನನ್ನು ಬಹುವಾಗಿ ನೋಯಿಸುವ ಸಂಗತಿ. ಲಕ್ಷಣವು ಕೆಟ್ಟಲ್ಲಿ ಸಜ್ಜನರೂ ಅನ್ಯಾಯವನ್ನು ಮಾಡುವರು.

ಅಭಿಮುಖತೆಯನ್ನು ನಿರ್ಣಯಿಸಲು ಜನರು ಹಿಡಿಯುವ ಗುರುತುಗಳು ಮೂರು. ಯಾರೊಡನೆ ಕೂಡಿದರೆಂಬ ಕ್ರಿಯೆ ಒಂದು; ಯಾರನ್ನು ಬಯಸುವರೆಂಬ ಇಚ್ಛೆ ಇನ್ನೊಂದು; ತಮ್ಮನ್ನು ತಾವು ಏನೆಂದು ಕರೆದುಕೊಳ್ಳುವರೆಂಬ ನಾಮ ಮತ್ತೊಂದು. ಇವುಗಳಲ್ಲಿ ಕ್ರಿಯೆಯೇ ಎಲ್ಲಕ್ಕಿಂತ ಗಟ್ಟಿಯಾದುದೆಂದು ಮೊದಲ ನೋಟಕ್ಕೆ ತೋರುವುದು, ಏಕೆಂದರೆ ಅದು ಕಣ್ಣಿಗೆ ಕಾಣತಕ್ಕದ್ದು. ಆದರೆ ಪರೀಕ್ಷೆಗೆ ಒಡ್ಡಿದೊಡನೆಯೇ ಅದರಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ಎರಡು ದೋಷಗಳೂ ಒಟ್ಟಿಗೆ ಎದ್ದು ಬರುವುವು. ಇನ್ನೂ ಯಾರ ಕೈಯನ್ನೂ ಹಿಡಿಯದ ಹದಿನೆಂಟರ ಹುಡುಗಿಯೂ, ಮೂವತ್ತು ವರ್ಷ ಒಬ್ಬಳೇ ಮಡದಿಯೊಡನೆ ನಿಷ್ಠೆಯಿಂದ ಬಾಳಿದ ಗೃಹಸ್ಥನೂ, ತಮ್ಮ ಮನಸ್ಸು ಎರಡು ಕಡೆಗೂ ಹರಿಯುವುದೆಂದು ನಿಶ್ಚಯವಾಗಿ ಬಲ್ಲವರಾದರೂ ಈ ಲಕ್ಷಣದಿಂದ ಹೊರಗುಳಿಯುವರು. ಅದೇ ವೇಳೆಗೆ ಸೆರೆಮನೆಯಲ್ಲಿಯೋ, ತಿಂಗಳುಗಟ್ಟಲೆ ಕಡಲಿನ ಮೇಲಿರುವ ಹಡಗಿನಲ್ಲಿಯೋ, ಹಸಿವೆಯಿಂದಲೋ, ಬಲಾತ್ಕಾರದಿಂದಲೋ, ಹಿರಿಯರ ಒತ್ತಾಯಕ್ಕೆ ಕೊರಳೊಡ್ಡಿದ ವಿವಾಹದಲ್ಲಿಯೋ ನಡೆದುಹೋದ, ಮನಸ್ಸಿನ ಸಮ್ಮತಿಯಿಲ್ಲದ ಕೂಟಗಳೆಲ್ಲ ಒಳಗೆ ಬಂದು ಕುಳಿತುಕೊಳ್ಳುವುವು. ಹೆಣ್ಣನ್ನು ಮಾತ್ರವೇ ಬಯಸುವ ಹುಡುಗನಿಗೆ, ಅನುಭವವಿಲ್ಲದೆ ನಿನಗೆ ಅದು ಹೇಗೆ ತಿಳಿಯಿತೆಂದು ಯಾರೂ ಕೇಳಿದವರಿಲ್ಲ. ಉಭಯಲಿಂಗಾಕರ್ಷಿತರಿಗೆ ಮಾತ್ರ ಆ ಪ್ರಶ್ನೆ ತಪ್ಪಿದ್ದಿಲ್ಲ. ನಾಮವನ್ನೇ ಗುರುತಾಗಿ ಹಿಡಿದರೆ ಧೈರ್ಯವೂ ಆಶ್ರಯವೂ ಇದ್ದವರಷ್ಟೇ ಎಣಿಕೆಗೆ ಸಿಕ್ಕುವರು. ಉಳಿದುದು ಇಚ್ಛೆ, ಅದಾದರೋ ಕಂಡವರ ಕಣ್ಣಿಗೆ ಬೀಳತಕ್ಕದ್ದಲ್ಲ.

ಈ ಮೂರು ಗುರುತುಗಳು ಒಂದೇ ಜನಸಮೂಹದಲ್ಲಿ ಎಷ್ಟು ಬೇರೆಬೇರೆಯಾಗಿ ಹರಡಿಕೊಂಡಿರಬಲ್ಲವೆಂಬುದನ್ನು ಷಿಕಾಗೋ ವಿಶ್ವವಿದ್ಯಾನಿಲಯದ ಎಡ್ವರ್ಡ್ ಲೌಮನ್ ಮತ್ತು ಸಂಗಡಿಗರು 1992ರಲ್ಲಿ 3432 ಮಂದಿ ಅಮೆರಿಕನ್ನರನ್ನು ವಿಚಾರಿಸಿ, 1994ರಲ್ಲಿ ಗ್ರಂಥರೂಪವಾಗಿ ತೋರಿಸಿಕೊಟ್ಟರು. ತಮ್ಮನ್ನು ಸಲಿಂಗಾಕರ್ಷಿತರೆಂದೋ ಉಭಯಲಿಂಗಾಕರ್ಷಿತರೆಂದೋ ಕರೆದುಕೊಂಡವರು ಗಂಡಸರಲ್ಲಿ ನೂರಕ್ಕೆ 2.8, ಹೆಂಗಸರಲ್ಲಿ 1.4 ಮಾತ್ರ. ಸಲಿಂಗದವರನ್ನು ಕುರಿತ ಇಚ್ಛೆ, ಕ್ರಿಯೆ, ನಾಮ ಇವುಗಳಲ್ಲಿ ಯಾವುದಾದರೂ ಒಂದನ್ನು ಹೇಳಿಕೊಂಡವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದೇ ಸಂಖ್ಯೆ ಗಂಡಸರಲ್ಲಿ 10.1ಕ್ಕೂ ಹೆಂಗಸರಲ್ಲಿ 8.6ಕ್ಕೂ ಏರಿತು, ಹೀಗೆ ಎಣಿಕೆಗೆ ಬಂದ ಗಂಡಸರಲ್ಲಿ ಮೂರೂ ಗುರುತುಗಳು ಒಟ್ಟಿಗೆ ಕೂಡಿದ್ದವರು ಕಾಲುಭಾಗವೂ ಇರಲಿಲ್ಲ, ಹೆಂಗಸರಲ್ಲಂತೂ ಅದಕ್ಕಿಂತ ಕಡಮೆ. ಜನ ಅವರೇ, ವರ್ಷ ಅದೇ, ಕೇಳಿದವರೂ ಅವರೇ. ಇಂತಹವರು ಎಷ್ಟು ಮಂದಿಯಿರುವರೆಂದು ಪತ್ರಿಕೆಗಳಲ್ಲಿ ಬರುವ ಅಂಕೆಗಳನ್ನು ಓದುವಾಗ, ಯಾವ ಗುರುತಿನ ಮೇಲೆ ಎಣಿಸಿದುದೆಂದು ಕೇಳದೆ ಅವುಗಳನ್ನು ಒಪ್ಪುವುದೂ ಅಲ್ಲಗಳೆಯುವುದೂ ಸಮಾನವಾಗಿ ವ್ಯರ್ಥ.

ಇಲ್ಲಿ ಆಲ್ಫ್ರೆಡ್ ಕಿನ್ಸಿಯವರ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಂಡಿಯಾನಾ ವಿಶ್ವವಿದ್ಯಾನಿಲಯದ ಈ ಪ್ರಾಣಿಶಾಸ್ತ್ರಜ್ಞರು ತಮ್ಮ ಪೂರ್ವವಯಸ್ಸನ್ನೆಲ್ಲ ಓಕ್ ಮರಗಳಲ್ಲಿ ಗಂಟು ಕಟ್ಟಿಸುವ ಪುಟ್ಟ ಕಣಜಗಳ ಅಧ್ಯಯನದಲ್ಲಿ ಕಳೆದವರು. ಅವನ್ನು ಲಕ್ಷಲಕ್ಷವಾಗಿ ಕೂಡಿಹಾಕಿ ಅಳೆದ ಅವರಿಗೆ, ಒಂದು ಜೀವಿ ಇನ್ನೊಂದರಂತೆ ಇರುವುದಿಲ್ಲವೆಂಬುದೂ, ಶುದ್ಧವಾದ ಮಾದರಿಯೆಂಬುದು ನೋಡುವವನ ಬುದ್ಧಿಯಲ್ಲಿಯೇ ಹೊರತು ಪ್ರಕೃತಿಯಲ್ಲಿ ಇಲ್ಲವೆಂಬುದೂ ಮನದಟ್ಟಾಗಿದ್ದಿತು. ಆ ಕಣ್ಣನ್ನೇ ಅವರು ಮನುಷ್ಯನತ್ತ ತಿರುಗಿಸಿ, ಸುಮಾರು 5300 ಮಂದಿ ಗಂಡಸರ ವೃತ್ತಾಂತದ ಮೇಲೆ 1948ರಲ್ಲಿಯೂ, 5940 ಮಂದಿ ಹೆಂಗಸರ ವೃತ್ತಾಂತದ ಮೇಲೆ 1953ರಲ್ಲಿಯೂ ಎರಡು ಬೃಹದ್ಗ್ರಂಥಗಳನ್ನು ಹೊರತಂದರು. ಕೇವಲ ಭಿನ್ನಲಿಂಗದತ್ತ ತಿರುಗಿದವರಿಗೆ 0, ಕೇವಲ ಸಲಿಂಗದತ್ತ ತಿರುಗಿದವರಿಗೆ 6, ನಡುವಣ ಐದು ಮೆಟ್ಟಿಲುಗಳಲ್ಲಿ ಮಿಕ್ಕವರು ಎಂಬ ಅವರ ಮಾಪನ ಲೋಕಪ್ರಸಿದ್ಧವಾಯಿತು. ಅಲ್ಲಿಯವರೆಗೆ ಎರಡು ಜಾತಿಗಳಂತೆ ಎಣಿಸುತ್ತಿದ್ದ ಜನರ ನಡುವೆ ಗೋಡೆಯಿಲ್ಲವೆಂದೂ, ಇರುವುದು ಕ್ರಮವಾಗಿ ಬದಲಾಗುತ್ತ ಹೋಗುವ ಇಳಿಜಾರೆಂದೂ ತೋರಿಸಿದ ಸಾಹಸಕ್ಕೆ ಆ ಕಾಲದ ಅಮೆರಿಕದಲ್ಲಿ ಎಷ್ಟು ಎದೆಗಾರಿಕೆ ಬೇಕಾಗಿದ್ದಿತೆಂಬುದನ್ನು ನಾವು ಮರೆಯಲಾಗದು. ರಾಕ್‌ಫೆಲರ್ ಪ್ರತಿಷ್ಠಾನದಿಂದ ಬರುತ್ತಿದ್ದ ಧನಸಹಾಯವು 1954ರಲ್ಲಿ ನಿಂತುಹೋಯಿತು, ಎರಡು ವರ್ಷಗಳ ತರುವಾಯ ಅವರೂ ತೀರಿಕೊಂಡರು. ತಾವಾಗಿ ಮುಂದೆ ಬಂದವರನ್ನೂ ಸೆರೆಮನೆಗಳಲ್ಲಿದ್ದವರನ್ನೂ ಹೆಚ್ಚಾಗಿ ಸೇರಿಸಿಕೊಂಡುದರಿಂದ ಅವರ ಶೇಕಡಾವಾರು ಲೆಕ್ಕಗಳನ್ನು ಇಡೀ ರಾಷ್ಟ್ರಕ್ಕೆ ಹೊಂದಿಸಲಾಗದೆಂದು ಸಂಖ್ಯಾಶಾಸ್ತ್ರಜ್ಞರು ಆಗಲೇ ತೋರಿಸಿಕೊಟ್ಟರು. ಅದು ನಿಜ. ಮಾಪನದ ಹಿಂದಿನ ಒಳನೋಟವಾದರೋ ಆ ಲೆಕ್ಕಗಳೊಡನೆ ಬಿದ್ದುಹೋಗುವಂಥದಲ್ಲ.

ಆದರೆ ಕಿನ್ಸಿಯವರ ಗೆರೆಯಲ್ಲಿ ಸೂಕ್ಷ್ಮವಾದ ಬೇರೊಂದು ದೋಷವಿದೆ. ಉಭಯಲಿಂಗಾಕರ್ಷಣೆಯ ಲಕ್ಷಣಕ್ಕೆ ತಗಲುವುದು ಇದೇ. ಒಂದೇ ಗೆರೆಯ ಎರಡು ತುದಿಗಳಲ್ಲಿ ಎರಡು ಒಲವುಗಳನ್ನು ಇಟ್ಟೊಡನೆ, ತಕ್ಕಡಿಯ ತಟ್ಟೆಗಳಂತೆ ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕೆಂಬ ಕಟ್ಟುಪಾಡು ತಾನಾಗಿ ಬಂದುಬಿಡುವುದು. ಹೆಂಗಸರನ್ನು ತೀವ್ರವಾಗಿಯೂ ಗಂಡಸರನ್ನು ಅಷ್ಟೇ ತೀವ್ರವಾಗಿಯೂ ಪ್ರೀತಿಸಬಲ್ಲವನು, ಎರಡನ್ನೂ ಮಂದವಾಗಿ ಬಯಸುವವನು, ಇಬ್ಬರೂ ಆ ಗೆರೆಯಲ್ಲಿ ಮೂರನೆಯ ಅಂಕೆಯ ಮೇಲೆಯೇ ನಿಲ್ಲುವರು. ಯಾರನ್ನೂ ಬಯಸದವರಿಗಂತೂ ಆ ಗೆರೆಯ ಮೇಲೆ ಎಡೆಯೇ ಇಲ್ಲವಾಗಿ, ಕಿನ್ಸಿಯವರು ಎಕ್ಸ್ ಎಂಬ ಅಕ್ಷರವನ್ನು ಹಾಕಿ ಅವರನ್ನು ಪಕ್ಕಕ್ಕೆ ಇಡಬೇಕಾಯಿತು. 1980ರಲ್ಲಿ ಮೈಕೇಲ್ ಸ್ಟಾರ್ಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಗೆರೆಯೊಂದರ ಬದಲು ಎರಡನ್ನು ಎಳೆದರು. ಸಲಿಂಗದ ಒಲವನ್ನು ಒಂದರಲ್ಲಿ, ಭಿನ್ನಲಿಂಗದ ಒಲವನ್ನು ಅದಕ್ಕೆ ಲಂಬವಾದ ಇನ್ನೊಂದರಲ್ಲಿ ಅಳೆದರೆ, ಎರಡೂ ಹೆಚ್ಚಾಗಿರುವುದೂ ಸಾಧ್ಯ, ಎರಡೂ ಇಲ್ಲದಿರುವುದೂ ಸಾಧ್ಯ. ನೋಡಲು ಅಲ್ಪವೆನಿಸುವ ಈ ತಿದ್ದುಪಡಿಯನ್ನು ಕಿನ್ಸಿಯವರ ಮಾಪನದಷ್ಟು ಜನ ಅರಿಯದಿರುವುದು ದುರ್ದೈವ. ಏಕೆಂದರೆ ಉಭಯಲಿಂಗಾಕರ್ಷಣೆಯು ಇತ್ತ ಅರ್ಧ ಅತ್ತ ಅರ್ಧ ಎಂಬ ಬೆರಕೆಯಲ್ಲ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಸ್ವಭಾವವೆಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಿದವರನ್ನು ನಾನು ಕಂಡಿಲ್ಲ.

ವಿಯೆನ್ನಾದಲ್ಲಿ 1932ರಲ್ಲಿ ಜನಿಸಿ, ಅಮೆರಿಕದಲ್ಲಿ ಮನೋವೈದ್ಯರಾಗಿದ್ದ ಫ್ರಿಟ್ಜ್ ಕ್ಲೈನ್ ಮತ್ತೊಂದು ದಾರಿಯನ್ನು ಹಿಡಿದರು. ತಮ್ಮಂಥ ಉಭಯಲಿಂಗಾಕರ್ಷಿತರನ್ನು ಕುರಿತ ಬರೆಹವು ಹುಡುಕಿದರೂ ಸಿಕ್ಕದಿರಲು ಅವರು 1974ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಗೋಷ್ಠಿಯನ್ನು ನೆರೆಯಿಸಿ, 1978ರಲ್ಲಿ ತಾವೇ ಗ್ರಂಥವೊಂದನ್ನು ಬರೆದರು. ಆಕರ್ಷಣೆ, ಕ್ರಿಯೆ, ಕಲ್ಪನೆ, ಭಾವದ ನಂಟು, ಒಡನಾಟ, ಜೀವನರೀತಿ, ನಾಮ ಎಂಬ ಏಳು ಸಾಲುಗಳನ್ನೂ, ಹಿಂದೆ ಹೇಗಿದ್ದಿತು, ಈಗ ಹೇಗಿದೆ, ಹೇಗಿರಬೇಕೆಂದು ಬಯಸುವೆ ಎಂಬ ಮೂರು ಕಂಬಗಳನ್ನೂ ಕೂಡಿಸಿ ಅವರು ಮಾಡಿದ ಕೋಷ್ಟಕದಲ್ಲಿ ಒಟ್ಟು 21 ಮನೆಗಳು. ಒಬ್ಬನೇ ಮನುಷ್ಯನು ಈ ಮನೆಗಳಲ್ಲಿ ಬೇರೆಬೇರೆ ಅಂಕೆಗಳನ್ನು ಪಡೆಯಬಲ್ಲನೆಂಬುದೂ, ಕಾಲವು ಅವನ್ನು ಬದಲಿಸಬಲ್ಲುದೆಂಬುದೂ ಅದರ ತಿರುಳು. 21 ಅಂಕೆಗಳನ್ನು ಕೂಡಿಟ್ಟುಕೊಂಡು ಏನು ಮಾಡಬೇಕೆಂಬುದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲವಾದರೂ, ಆತುರದಿಂದ ತೀರ್ಪು ಕೊಡುವವನ ಕೈಯನ್ನು ತಡೆಯುವುದಕ್ಕೆ ಅದು ಒಳ್ಳೆಯ ಸಾಧನವೆಂದು ನನಗೆ ತೋರಿದೆ.

ಎರಡು ಕಡೆಯ ಒಲವೂ ಸರಿಸಮನಾಗಿರಬೇಕು, ಏಕಕಾಲದಲ್ಲಿರಬೇಕು ಎಂಬುದು ಜನಸಾಮಾನ್ಯರಲ್ಲಿ ಬೇರೂರಿರುವ ಲಕ್ಷಣ. ಅಸಂಭವಕ್ಕೆ ಅತ್ಯಂತ ಸಮೀಪವಾದ ಲಕ್ಷಣವಿದು. ಒಬ್ಬ ಸ್ನೇಹಿತನ ಮೇಲೂ ಇನ್ನೊಬ್ಬನ ಮೇಲೂ ಪ್ರೀತಿ ಸಮವಾಗಿದೆಯೆಂದು ಅಳೆದು ಹೇಳಬಲ್ಲವರು ಯಾರು? ಅಮೆರಿಕದ ಲೇಖಕಿ ರಾಬಿನ್ ಓಕ್ಸ್ ಇದನ್ನೆಲ್ಲ ಕಿತ್ತು ಹಾಕಿ, ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಿತಳಾಗಬಲ್ಲ ಶಕ್ಯತೆ ತನ್ನಲ್ಲಿರುವುದನ್ನು ಒಪ್ಪಿಕೊಳ್ಳುವುದೇ ಸಾಕು, ಒಂದೇ ವೇಳೆಯಲ್ಲಿ, ಒಂದೇ ಬಗೆಯಲ್ಲಿ, ಒಂದೇ ಪ್ರಮಾಣದಲ್ಲಿ ಆಗಬೇಕೆಂಬ ನಿರ್ಬಂಧವಿಲ್ಲ ಎಂಬ ತಾತ್ಪರ್ಯದ ಲಕ್ಷಣವನ್ನು ಕೊಟ್ಟಿರುವರು. ಗಂಡು ಹೆಣ್ಣು ಎಂಬ ಎರಡೇ ವರ್ಗಗಳಲ್ಲಿ ಅಡಗದವರನ್ನೂ ಒಳಗೊಳ್ಳುವ ವೈಶಾಲ್ಯ ಇದಕ್ಕುಂಟು. ನಾನು ಕಂಡ ಲಕ್ಷಣಗಳಲ್ಲಿ ಮೂರು ದೋಷಗಳಿಂದಲೂ ಪಾರಾದುದು ಇದೇ. ಶಕ್ಯತೆಯೆಂಬುದೇ ಇದರ ಜೀವಾಳ.

ಇನ್ನು ಪ್ರಮಾಣ. 2005ರಲ್ಲಿ ಮೂವರು ಸಂಶೋಧಕರು ಸುಮಾರು ನೂರು ಮಂದಿ ಗಂಡಸರಿಗೆ ಚಿತ್ರಗಳನ್ನು ತೋರಿಸಿ ದೇಹದ ಉದ್ರೇಕವನ್ನು ಯಂತ್ರದಿಂದ ಅಳೆದು, ಉಭಯಲಿಂಗಾಕರ್ಷಿತರೆಂದು ಹೇಳಿಕೊಂಡವರ ದೇಹವು ಅವರ ಮಾತಿಗೆ ಸಾಕ್ಷಿಯಾಗಲಿಲ್ಲವೆಂದು ಬರೆದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದಕ್ಕೆ ಅವರು ಸುಳ್ಳು ಹೇಳುತ್ತಿರಬಹುದೆಂಬ ಅರ್ಥ ಹೊರಡುವ ಶಿರೋನಾಮೆಯನ್ನು ಕೊಟ್ಟಿತು. 2011ರಲ್ಲಿ, ಗಂಡಸರೊಡನೆಯೂ ಹೆಂಗಸರೊಡನೆಯೂ ಪ್ರಣಯಾನುಭವವಿದ್ದವರನ್ನೇ ಆರಿಸಿಕೊಂಡು ಮಾಡಿದ ಪರೀಕ್ಷೆಯಲ್ಲಿ ಎರಡು ಕಡೆಯ ಉದ್ರೇಕವೂ ಕಂಡುಬಂದಿತು. ಹಿಂದಿನ ಪರೀಕ್ಷೆಯ ಕರ್ತೃಗಳಲ್ಲಿ ಒಬ್ಬರಾದ ಮೈಕೇಲ್ ಬೈಲಿಯವರೇ ಇದರಲ್ಲಿಯೂ ಇದ್ದರು. 2020ರಲ್ಲಿ ಹಲವು ಅಧ್ಯಯನಗಳ ಅಂಕಿ ಅಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಂಡಸರಲ್ಲಿ ಉಭಯಲಿಂಗಾಕರ್ಷಣೆಗೆ ದೃಢವಾದ ಆಧಾರವಿದೆಯೆಂದೇ ನಿರ್ಣಯವಾಯಿತು. ತಮ್ಮ ಹಿಂದಿನ ಮತವನ್ನು ಮರುಪರೀಕ್ಷಿಸಿದ ವಿದ್ವಾಂಸರಿಗೆ ಗೌರವ ಸಲ್ಲಬೇಕು. ಆದರೆ ಆ ಹದಿನೈದು ವರ್ಷಗಳಲ್ಲಿ ತನ್ನ ಮನಸ್ಸನ್ನು ತಾನು ಬಲ್ಲೆನೆಂದು ಹೇಳಿದ ತರುಣನ ಮಾತಿಗಿಂತ ಯಂತ್ರದ ಮುಳ್ಳು ಹೆಚ್ಚಿನ ಪ್ರಮಾಣವೆನಿಸಿದ್ದಿತಲ್ಲ, ಆ ವ್ಯವಸ್ಥೆಯನ್ನು ನಾನು ಒಪ್ಪಲಾರೆ. ಪ್ರೇಮವೆಂಬುದು ಚಿತ್ರವನ್ನು ಕಂಡು ರಕ್ತವು ನುಗ್ಗುವುದಷ್ಟೇ ಅಲ್ಲ.

ಉಭಯಲಿಂಗಾಕರ್ಷಣೆಯು ದಾರಿಯಲ್ಲಿ ಬರುವ ಒಂದು ಘಟ್ಟ, ಕಡೆಗೆ ಈ ಕಡೆಗೋ ಆ ಕಡೆಗೋ ಸೇರಿಯೇ ಸೇರುವರು ಎಂಬ ಇನ್ನೊಂದು ಮಾತಿದೆ. ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್ 79 ಮಂದಿ ಹೆಂಗಸರನ್ನು ಹತ್ತು ವರ್ಷಗಳ ಕಾಲ ಮತ್ತೆ ಮತ್ತೆ ವಿಚಾರಿಸುತ್ತ ಬಂದು 2008ರಲ್ಲಿ ಪ್ರಕಟಿಸಿದ ಫಲಿತಾಂಶವು ಅದಕ್ಕೆ ಎದುರಾಗಿದೆ. ಅವರಲ್ಲಿ ಮೂರನೆಯ ಎರಡು ಪಾಲು ಜನ ಆ ಅವಧಿಯೊಳಗೆ ತಮ್ಮ ನಾಮವನ್ನು ಒಮ್ಮೆಯಾದರೂ ಬದಲಿಸಿದ್ದರು. ಎರಡು ಕಡೆಯ ಒಲವು ಮಾತ್ರ ಕರಗಿಹೋಗದೆ ನಿಂತಿದ್ದಿತು.

ನ್ಯಾಯಸ್ಥಾನದಲ್ಲಿ ಇಂತಹ ಅಪನಂಬಿಕೆಯ ಪರಿಣಾಮ ಎಷ್ಟು ಘೋರವಾಗಬಲ್ಲುದೆಂಬುದಕ್ಕೆ 2016ರಲ್ಲಿ ಅಮೆರಿಕದ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಬಂದ ಪ್ರಕರಣ ಸಾಕ್ಷಿ. ಜಮೈಕಾದಿಂದ ಬಂದಿದ್ದ ಒಬ್ಬನು, ತಾನು ಉಭಯಲಿಂಗಾಕರ್ಷಿತನಾದುದರಿಂದ ಅಲ್ಲಿಗೆ ಮರಳಿಸಿದರೆ ಹಿಂಸೆ ತಪ್ಪದೆಂದು ಮೊರೆಯಿಟ್ಟನು. ಅವನ ಹೇಳಿಕೆಗಳಲ್ಲಿ ಪರಸ್ಪರ ಹೊಂದಿಕೆಯಿಲ್ಲವೆಂಬುದರ ಜೊತೆಗೆ, ಅವನು ಹೆಂಗಸೊಬ್ಬಳನ್ನು ಮದುವೆಯಾಗಿದ್ದನೆಂಬುದೂ ವಲಸೆಯ ನ್ಯಾಯಾಧೀಶರ ಅಪನಂಬಿಕೆಗೆ ಕಾರಣವಾಯಿತು. ಹೆಂಗಸರಲ್ಲಿ ಒಲವಿದ್ದುದು ಗಂಡಸರಲ್ಲಿ ಒಲವಿಲ್ಲವೆಂಬುದಕ್ಕೆ ಹೇಗೆ ಸಾಕ್ಷ್ಯವಾದೀತೆಂದು ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ತಮ್ಮ ಭಿನ್ನಮತದಲ್ಲಿ ವಾದಿಸಿದರು. ಬಹುಮತವು ಅವನ ವಿರುದ್ಧವಾಗಿಯೇ ಹೋಯಿತು.

ನಮ್ಮ ದೇಶದತ್ತ ಬಂದರೆ, ಲಕ್ಷಣವನ್ನು ಕಟ್ಟುವ ರೀತಿಯೇ ಬೇರೆಯೆಂಬುದು ಕಾಣುವುದು. ಕಾಮಸೂತ್ರಕಾರ ವಾತ್ಸ್ಯಾಯನನು ತೃತೀಯಪ್ರಕೃತಿಯವರನ್ನು ಪ್ರತ್ಯೇಕವಾಗಿ ಹೇಳಿದರೂ, ಪರಸ್ಪರ ವಿಶ್ವಾಸವುಳ್ಳ ಕೆಲವು ನಾಗರಕರ ನಡುವಣ ಕೂಟವನ್ನು ಹೇಳುವಾಗ ಅವರನ್ನು ಬೇರೊಂದು ವರ್ಗವಾಗಿ ವಿಂಗಡಿಸಲು ಹೋಗಿಲ್ಲ. ಇಂದಿಗೂ ಬೆಂಗಳೂರು ಮೊದಲಾದ ಊರುಗಳಲ್ಲಿ ಪುರುಷರನ್ನು ಬಯಸುವ ಪುರುಷರ ನಡುವೆ ಬಳಕೆಯಲ್ಲಿರುವ ಕೋಥಿ, ಪಂಥಿ, ಡಬಲ್ ಡೆಕ್ಕರ್ ಎಂಬ ಹೆಸರುಗಳು ಹಾವಭಾವವನ್ನೂ ಕೂಟದಲ್ಲಿ ವಹಿಸುವ ಪಾತ್ರವನ್ನೂ ಹಿಡಿದು ಬಂದವು, ಪ್ರಿಯರ ಲಿಂಗವನ್ನು ಹಿಡಿದು ಬಂದವಲ್ಲ. ಹೆಂಡತಿ ಮಕ್ಕಳೊಡನೆ ಸಂಸಾರ ಮಾಡುವ ಕೋಥಿಗಳೂ ಇದ್ದಾರೆ. ಏಡ್ಸ್ ನಿಯಂತ್ರಣದ ಇಲಾಖೆಗಳಾದರೋ ಪುರುಷರೊಡನೆ ಸಂಪರ್ಕವುಳ್ಳ ಪುರುಷರು ಎಂಬ, ಕ್ರಿಯೆಯನ್ನು ಮಾತ್ರ ನೋಡುವ ವರ್ಗವನ್ನು ಹಿಡಿದವು. ರೋಗವು ಹೆಸರನ್ನಾಗಲಿ ಹೃದಯವನ್ನಾಗಲಿ ಕೇಳುವುದಿಲ್ಲವಾದುದರಿಂದ ಆ ಪ್ರಯೋಜನಕ್ಕೆ ಅದು ಸರಿಯಾದ ಲಕ್ಷಣವೇ. ಆ ಪ್ರಯೋಜನದಾಚೆಗೆ ಅದನ್ನು ಎಳೆದೊಯ್ಯುವುದು ಸರಿಯಲ್ಲ, ಏಕೆಂದರೆ ಆಗ ಹೆಂಗಸರು ಪೂರ್ತಿಯಾಗಿ ಮರೆಯಾಗುವರು.

ಆ ಹೆಂಗಸರ ವಿಷಯವೇ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು. ಹಾಸ್ಟೆಲಿನ ಗೆಳತಿಯನ್ನು ಪ್ರಾಣವೆಂದು ತಿಳಿದಿದ್ದ ಹುಡುಗಿಯೊಬ್ಬಳು ಮುಂದೆ ಮೆಚ್ಚಿದ ಹುಡುಗನನ್ನೇ ಮದುವೆಯಾದಳೆನ್ನಿ. ಸದ್ಯ, ಎಲ್ಲ ಸರಿಹೋಯಿತೆಂದು ಮನೆಯವರು ನಿಟ್ಟುಸಿರು ಬಿಡುವರು, ನೀನು ನಮ್ಮವಳಾಗಿರಲೇ ಇಲ್ಲವೆಂದು ಹಳೆಯ ಗೆಳತಿಯರು ಮುಖ ತಿರುಗಿಸುವರು. ಅವಳ ಮೊದಲಿನ ಪ್ರೀತಿಯೂ ಸುಳ್ಳಲ್ಲ, ಈಗಿನದೂ ಸುಳ್ಳಲ್ಲ. ಎರಡನ್ನೂ ನಿಜವೆಂದು ನಂಬುವವರು ಅವಳ ಸುತ್ತ ಒಬ್ಬರಾದರೂ ಇರಬೇಕಲ್ಲವೇ? ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಸಲಿಂಗಾಕರ್ಷಿತ ಪುರುಷನ ಬಾಳನ್ನು ಕನ್ನಡ ಕಥೆಯ ನಡುಮನೆಗೆ ಕರೆತಂದಿತು. ಇಂತಹ ಹುಡುಗಿಯ ಬಾಳೂ ಅಷ್ಟೇ ನಿಸ್ಸಂಕೋಚವಾಗಿ ನಮ್ಮ ನುಡಿಯಲ್ಲಿ ಬರೆಯಲ್ಪಡಬೇಕೆಂಬುದು ನನ್ನ ಹಂಬಲ.

ಲಕ್ಷಣವನ್ನು ಶಕ್ಯತೆಯ ಮೇಲೆ ನಿಲ್ಲಿಸುವ ದೃಷ್ಟಿ ಕಾನೂನಿಗೆ ಹೊಸತಲ್ಲ. 2006ರ ನವೆಂಬರಿನಲ್ಲಿ ಇಂಡೊನೇಷಿಯಾದ ಯೋಗ್ಯಕರ್ತದಲ್ಲಿ ಸೇರಿದ ಹಲವು ದೇಶಗಳ ತಜ್ಞರು ಅಭಿಮುಖತೆಯನ್ನು ಒಂದು ಸಾಮರ್ಥ್ಯವೆಂದೇ ನಿರೂಪಿಸಿ, ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಹರಿಯುವ ಒಲವನ್ನು ಅದರಲ್ಲಿ ಸೇರಿಸಿದರು. ನಮ್ಮ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದ ತೀರ್ಪಿನಲ್ಲಿ, ದೇಹದಿಂದಾಗಲಿ ಪ್ರಣಯದಿಂದಾಗಲಿ ಭಾವದಿಂದಾಗಲಿ ಒಬ್ಬರಲ್ಲಿ ನೆಲೆನಿಂತ ಆಕರ್ಷಣೆಯೇ ಅಭಿಮುಖತೆಯೆಂದು ವಿವರಿಸಿ, ಉಭಯಲಿಂಗಾಕರ್ಷಿತರನ್ನು ಹೆಸರಿಸಿಯೇ ಒಳಗೊಂಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತಿಯ ಸಂಬಂಧಗಳನ್ನು ದಂಡಸಂಹಿತೆಯ 377ನೆಯ ಕಲಮಿನಿಂದ ಬಿಡಿಸಿತು. ಇಲ್ಲಿಯವರೆಗೆ ಕಾನೂನಿನ ದೃಷ್ಟಿ ವ್ಯಕ್ತಿಯ ಅಂತರಂಗದ ಮೇಲಿದ್ದಿತು. ವಿವಾಹದ ಪ್ರಶ್ನೆ ಬಂದಾಗ ಆ ದೃಷ್ಟಿ ವ್ಯಕ್ತಿಯ ಕೈಹಿಡಿದವರ ಲಿಂಗದ ಮೇಲೆ ಬಿದ್ದಿತು. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ, ಒಂದೇ ಲಿಂಗದ ಇಬ್ಬರಿಗೆ ವಿಶೇಷ ವಿವಾಹ ಕಾಯಿದೆಯನ್ನು ಅನ್ವಯಿಸುವ ಅಧಿಕಾರ ತನಗಿಲ್ಲ, ಅದು ಶಾಸನಸಭೆಯ ಕೆಲಸವೆಂದು ನ್ಯಾಯಾಲಯವು ಹೇಳಿತು. ನಾನು ಹೇಳಿದ ಆ ಹುಡುಗಿಯು ಮೆಚ್ಚಿದ ಹುಡುಗನೊಡನೆ ಉಪನೋಂದಣಾಧಿಕಾರಿಯ ಕಚೇರಿಗೆ ಹೋದರೆ ವಿವಾಹದ ಪತ್ರ ದೊರೆಯುವುದು. ಆ ಗೆಳತಿಯೊಡನೆ ಹೋದರೆ ದೊರೆಯದು. ಅವಳ ಅಭಿಮುಖತೆಯಾಗಲಿ, ಅವಳ ಪ್ರೀತಿಯ ಸ್ಥೈರ್ಯವಾಗಲಿ, ಎರಡು ಸಂದರ್ಭಗಳಲ್ಲಿಯೂ ಒಂದೇ ಆಗಿರುತ್ತದೆ. ಹಾಗಿದ್ದೂ ಒಂದಕ್ಕೆ ದೊರೆಯುವ ಪತ್ರ ಇನ್ನೊಂದಕ್ಕೆ ಏಕೆ ದೊರೆಯದು? ಸಂಸತ್ತು ಉತ್ತರಿಸಬೇಕಾದ ಪ್ರಶ್ನೆ ಇದು.